ಬಿದ್ದ ಮರಗಳ ಕಾಡಿನಲ್ಲಿ ಕನ್ನಡಕದ ಬೇಟೆಗಾರ

ಒಂದು ಕಾಡನ್ನು ಕಲ್ಪಿಸಿಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 8,000 ಅಡಿ ಎತ್ತರ. ದೀಪದ ಕಂಬಗಳಂತೆ ನೆಟ್ಟಗೆ, ತೆಳ್ಳಗೆ ಬೆಳೆದ ಪೈನ್ ಮರಗಳು. ಆದರೆ ನಿಂತ ಮರಗಳಿಗಿಂತ ಬಿದ್ದ ಮರಗಳೇ ಹೆಚ್ಚೇನೋ ಅನಿಸುತ್ತದೆ. ಬೆಂಕಿಪೊಟ್ಟಣದ ಕಡ್ಡಿಗಳನ್ನು ನೆಲಕ್ಕೆ ಚೆಲ್ಲಿದ ಹಾಗೆ ಒಂದರ ಮೇಲೊಂದು, ಅಡ್ಡಾದಿಡ್ಡಿ. ಕೆಲವು ಮೊಣಕಾಲೆತ್ತರ, ಕೆಲವು ಎದೆಯೆತ್ತರ. ತೊಗಟೆ ಉದುರಿ ಬೋಳಾದ ಕಾಂಡದ ಮೇಲೆ ಕಾಲಿಟ್ಟರೆ ಜಾರುತ್ತದೆ, ಪಕ್ಕಕ್ಕಿಟ್ಟರೆ ಒಣಕಡ್ಡಿ ಲಟಕ್ಕೆನ್ನುತ್ತದೆ. ಇಂಥ ಜಾಗದಲ್ಲಿ ಮುನ್ನೂರು ಕೆ.ಜಿ. ತೂಗುವ ಒಂದು ಪ್ರಾಣಿಯ ಹತ್ತಿರಕ್ಕೆ, ಅದಕ್ಕೆ ಗೊತ್ತಾಗದಂತೆ ಹೋಗಬೇಕು. ಹೋಗುತ್ತಿರುವವನು ಕನ್ನಡಕ ತೆಗೆದರೆ ಅರ್ಧ ಕುರುಡ. ಬಾಲ್ಯದಲ್ಲಿ ಅಸ್ತಮಾದಿಂದ ಒಂದು ಮೆಟ್ಟಿಲು ಹತ್ತಲೂ ಏದುಸಿರು ಬಿಟ್ಟವನು. ತಾನು ಒಳ್ಳೆಯ ಗುರಿಕಾರನಲ್ಲ ಎಂದು ತಾನೇ ಬರೆದುಕೊಂಡವನು.

ಆತ ಥಿಯೋಡೋರ್ ರೂಸ್‌ವೆಲ್ಟ್. ಅಮೆರಿಕದ 26ನೇ ಅಧ್ಯಕ್ಷ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ನಮಗೆ ಸಿಗುವುದು ಎರಡು ಸಾಲು: 1906ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ, ಮತ್ತು ಟೆಡ್ಡಿ ಬೇರ್ ಎಂಬ ಗೊಂಬೆಗೆ ಆತನದೇ ಹೆಸರು. ಈ ಎರಡು ಸಾಲುಗಳ ಆಚೆ ಇರುವ ಒಂದು ಕಥೆ ನನಗೆ ಬಹಳ ಇಷ್ಟ. ಅದು ಎಲ್ಕ್ ಎಂಬ ಜಿಂಕೆಯ ಬೆನ್ನು ಹತ್ತಿದ ಕಥೆ. ಅದರ ನಡುವೆ ಸರ್ಕಾರಿ ನೌಕರಿಯ ಪರೀಕ್ಷೆಗಳೂ ಬರುತ್ತವೆ ಎಂದರೆ ನಂಬುತ್ತೀರಾ?

ರೂಸ್‌ವೆಲ್ಟ್ ಹುಟ್ಟಿದ್ದು 1858ರ ಅಕ್ಟೋಬರ್ 27ರಂದು, ನ್ಯೂಯಾರ್ಕ್ ನಗರದ ಶ್ರೀಮಂತ ಮನೆಯೊಂದರಲ್ಲಿ. ಹಣಕ್ಕೆ ಕೊರತೆಯಿರಲಿಲ್ಲ, ಉಸಿರಿಗಿತ್ತು. ರಾತ್ರಿ ಮಗನಿಗೆ ಉಸಿರು ಕಟ್ಟಿದಾಗ ಅಪ್ಪ ಅವನನ್ನು ಎತ್ತಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಕೆಲವೊಮ್ಮೆ ಗಾಡಿ ಹೂಡಿಸಿ, ಮಗನ ಮುಖಕ್ಕೆ ಗಾಳಿ ಬಡಿಯಲೆಂದು ನಡುರಾತ್ರಿಯ ಬೀದಿಗಳಲ್ಲಿ ವೇಗವಾಗಿ ಓಡಿಸುತ್ತಿದ್ದರು. ತಲೆ ಚುರುಕಾಗಿದೆ, ದೇಹವನ್ನು ನೀನೇ ಕಟ್ಟಿಕೊಳ್ಳಬೇಕು ಎಂದು ಹೇಳಿದವರೂ ಅವರೇ. ಹುಡುಗ ಮನೆಯಲ್ಲೇ ಒಂದು ವ್ಯಾಯಾಮಶಾಲೆ ಮಾಡಿಕೊಂಡ. ಹದಿಮೂರನೇ ವಯಸ್ಸಿಗೆ ಬಂದೂಕು ಸಿಕ್ಕಿತು. ಜೊತೆಯವರೆಲ್ಲ ಹೊಡೆಯುತ್ತಿದ್ದ ಹಕ್ಕಿಗಳು ತನಗೆ ಕಾಣಿಸುತ್ತಲೇ ಇಲ್ಲ ಎಂಬುದು ಆಗ ಗೊತ್ತಾಯಿತು. ಕನ್ನಡಕ ಹಾಕಿಕೊಂಡ ದಿನ ಜಗತ್ತು ಇಷ್ಟು ಚೆಂದವಿದೆಯೇ ಎಂದು ಬೆರಗಾದನಂತೆ!

ಹಾರ್ವರ್ಡ್‌ನಲ್ಲಿ ಓದುವಾಗ, 1878ರಲ್ಲಿ, ಅಪ್ಪ ತೀರಿಕೊಂಡರು. ಓದು ಮುಗಿಯುವ ಹೊತ್ತಿಗೆ ಕಾಲೇಜಿನ ವೈದ್ಯರು ಹೃದಯ ದುರ್ಬಲವಾಗಿದೆ, ಮೆಟ್ಟಿಲು ಕೂಡ ಓಡಿ ಹತ್ತಬೇಡ ಎಂದರು. ಮರುವರ್ಷವೇ ಆತ ಯುರೋಪಿಗೆ ಹೋಗಿ ಮ್ಯಾಟರ್‌ಹಾರ್ನ್ ಶಿಖರ ಹತ್ತಿ ಬಂದ. ವೈದ್ಯರ ಮಾತನ್ನು ಹೀಗೆ ತಳ್ಳಿಹಾಕಿದ್ದು ಅನುಕರಣೀಯವೇನಲ್ಲ. ಆತನ ಸ್ವಭಾವ ಎಂಥದ್ದು ಎಂದು ತೋರಿಸಲು ಹೇಳಿದೆ, ಅಷ್ಟೇ. 1880ರಲ್ಲಿ ಆಲಿಸ್ ಲೀ ಜೊತೆ ಮದುವೆ. 23 ವರ್ಷಕ್ಕೆ ನ್ಯೂಯಾರ್ಕ್ ರಾಜ್ಯದ ಶಾಸಕ. ಎಲ್ಲವೂ ನೇರ ದಾರಿಯಲ್ಲಿ ಹೋಗುತ್ತಿತ್ತು.

1884ರ ಫೆಬ್ರುವರಿ 12ರಂದು ಮಗಳು ಹುಟ್ಟಿದಳು. ಎರಡು ದಿನ ಕಳೆದು, ಫೆಬ್ರುವರಿ 14ರಂದು, ಒಂದೇ ಮನೆಯಲ್ಲಿ ಕೆಲವೇ ಗಂಟೆಗಳ ಅಂತರದಲ್ಲಿ ಅಮ್ಮ ಟೈಫಾಯ್ಡ್‌ನಿಂದ, ಹೆಂಡತಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಆ ದಿನದ ದಿನಚರಿಯ ಪುಟದಲ್ಲಿ ಆತ ಒಂದು ದೊಡ್ಡ ಗುಣಾಕಾರದ ಗುರುತು ಹಾಕಿ, ಕೆಳಗೆ ಒಂದೇ ಸಾಲು ಬರೆದ. ಮುಂದೆ ಬರೆದ ಆತ್ಮಕಥೆಯಲ್ಲಿ ಆ ಹೆಂಡತಿಯ ಹೆಸರೇ ಇಲ್ಲ. ಎಳೆಗೂಸನ್ನು ಅಕ್ಕನ ಕೈಗೆ ಕೊಟ್ಟು, ಶಾಸಕ ಸ್ಥಾನದ ಅವಧಿ ಮುಗಿಸಿ, ರೈಲು ಹತ್ತಿ ಪಶ್ಚಿಮಕ್ಕೆ ಹೊರಟುಬಿಟ್ಟ.

ಅಲ್ಲಿ, ಡಕೋಟಾ ಪ್ರಾಂತ್ಯದ ಬ್ಯಾಡ್‌ಲ್ಯಾಂಡ್ಸ್ ಎಂಬ ಒರಟು ನೆಲದಲ್ಲಿ, ಹಿಂದಿನ ವರ್ಷವೇ 14,000 ಡಾಲರ್ ಹಾಕಿ ದನಗಳನ್ನು ಕೊಂಡಿದ್ದ. ಈಗ ಇನ್ನೊಂದು ದನದ ಹಟ್ಟಿಗೆ ಜಾಗ ಹುಡುಕಿದ. ನದಿ ತಿರುವಿನ ಆ ಜಾಗದಲ್ಲಿ ಎರಡು ಗಂಡು ಎಲ್ಕ್‌ಗಳ ತಲೆಬುರುಡೆಗಳು ಬಿದ್ದಿದ್ದವು. ಕಾದಾಡುವಾಗ ಕೊಂಬಿಗೆ ಕೊಂಬು ಸಿಕ್ಕಿಕೊಂಡು, ಬಿಡಿಸಿಕೊಳ್ಳಲಾಗದೆ ಎರಡೂ ಅಲ್ಲೇ ಸತ್ತಿದ್ದವು. ಜಾಗಕ್ಕೆ ಎಲ್ಕ್‌ಹಾರ್ನ್ ಎಂದು ಹೆಸರಿಟ್ಟ. ವಿಚಿತ್ರವೆಂದರೆ, ಆ ಹೊತ್ತಿಗೆ ಅದರ ಸುತ್ತಮುತ್ತ ಜೀವಂತ ಎಲ್ಕ್ ಸಿಗುವುದೇ ಅಪರೂಪವಾಗಿತ್ತು. ಉಳಿದದ್ದು ಹೆಸರು ಮತ್ತು ಕೊಂಬು.

ಎಲ್ಕ್ ಹೇಗಿರುತ್ತದೆ ಎಂದರೆ, ನಮ್ಮ ಮಲೆನಾಡಿನ ಕಡವೆಯನ್ನು ಇನ್ನೊಂದಿಷ್ಟು ಎತ್ತರ ಮಾಡಿ, ಕುತ್ತಿಗೆಗೆ ಕಡುಕಂದು ಕೂದಲು ಹೊದಿಸಿ, ಕೊಂಬಿಗೆ ಕವಲುಗಳನ್ನು ಹೆಚ್ಚಿಸಿದರೆ ಹೇಗೋ ಹಾಗೆ. ಕಡವೆಯ ಕೊಂಬಿಗೆ ಸಾಮಾನ್ಯವಾಗಿ ಒಂದೊಂದು ಬದಿಗೆ ಮೂರು ಕವಲು, ಬಲಿತ ಎಲ್ಕ್‌ಗೆ ಆರು. ಕೊಂಬುಗಳ ತೂಕವೇ ಹದಿನೈದು ಕೆ.ಜಿ. ದಾಟಬಹುದು, ಅದು ಪ್ರತಿ ವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಸೆಪ್ಟೆಂಬರ್ ಬಂತೆಂದರೆ ಗಂಡುಗಳಿಗೆ ಬೆದೆಯ ಕಾಲ. ಹೆಣ್ಣುಗಳ ಹಿಂಡು ಕಟ್ಟಿಕೊಂಡು, ಬೇರೆ ಗಂಡುಗಳಿಗೆ ಸವಾಲು ಹಾಕುತ್ತಾ ಕೂಗುತ್ತವೆ. ಅಷ್ಟು ದೊಡ್ಡ ಪ್ರಾಣಿಯ ಗಂಟಲಿನಿಂದ ಬರುವುದು ಘರ್ಜನೆಯಲ್ಲ, ಕೊಳಲಿನಂಥ ಸೀಟಿ. ತಗ್ಗಿನಿಂದ ಶುರುವಾಗಿ ಏರುತ್ತಾ ಹೋಗಿ, ಕೊನೆಗೆ ಗುಟುರು ಹಾಕಿ ನಿಲ್ಲುತ್ತದೆ. ಬೆಟ್ಟದಿಂದ ಬೆಟ್ಟಕ್ಕೆ ಅದು ಪ್ರತಿಧ್ವನಿಸುವುದನ್ನು ಕೇಳಿದವರು ಮರೆಯುವುದಿಲ್ಲವಂತೆ. ರೂಸ್‌ವೆಲ್ಟ್ ಮರೆಯಲಿಲ್ಲ.

ಮೊದಲ ದೊಡ್ಡ ಬೇಟೆ ಅದೇ 1884ರ ಕೊನೆ ಬೇಸಿಗೆಯಲ್ಲಿ. ವಯೋಮಿಂಗ್‌ನ ಬಿಗ್‌ಹಾರ್ನ್ ಪರ್ವತಗಳಿಗೆ, ಹಟ್ಟಿಯ ಪಾಲುದಾರ ಮೆರಿಫೀಲ್ಡ್ ಮತ್ತು ಒಬ್ಬ ಗಾಡಿಯವನ ಜೊತೆ, ವಾರಗಟ್ಟಲೆ ಪ್ರಯಾಣ. ಬೆಟ್ಟದ ಬುಡದಲ್ಲಿ ಗಾಡಿ ಬಿಟ್ಟು, ಸಾಮಾನನ್ನು ಕುದುರೆಗಳ ಮೇಲೆ ಹೇರಿ ಕಾಡು ಹೊಕ್ಕರು. ಬೂಟು ಬಿಚ್ಚಿ, ಸ್ಥಳೀಯ ಬುಡಕಟ್ಟಿನವರು ತೊಡುವ ಮೆತ್ತನೆ ತೊಗಲಿನ ಮೊಕಾಸಿನ್ ಹಾಕಿಕೊಂಡರು. ಗಟ್ಟಿ ಅಟ್ಟೆಯ ಬೂಟಿನಲ್ಲಿ ಕಡ್ಡಿ ಮುರಿದ ಮೇಲಷ್ಟೇ ಕಡ್ಡಿ ಇತ್ತೆಂದು ಗೊತ್ತಾಗುತ್ತದೆ. ಮೆತ್ತನೆಯ ತೊಗಲಿನಲ್ಲಿ ಕಾಲಿಗೆ ಮೊದಲೇ ತಿಳಿಯುತ್ತದೆ. ಭಾರ ಹಾಕುವ ಮುನ್ನ ಕಾಲು ಹಿಂದೆಗೆಯಬಹುದು. ಎಲ್ಕ್ ಸಿಕ್ಕವು, ಕರಡಿಯೂ ಸಿಕ್ಕಿತು. ನಿಜ ಹೇಳಬೇಕೆಂದರೆ ಆ ಪ್ರವಾಸದಲ್ಲಿ ಆತ ಹೊಡೆದದ್ದು ಅಗತ್ಯಕ್ಕಿಂತ ಹೆಚ್ಚು. ಇಪ್ಪತ್ತೈದರ ವಯಸ್ಸು, ಎದೆಯಲ್ಲಿ ಸಾವಿನ ಸಂಕಟ, ಕೈಯಲ್ಲಿ ವಿಂಚೆಸ್ಟರ್. ಅದನ್ನು ಸಮರ್ಥಿಸುವ ಅಗತ್ಯ ನನಗಿಲ್ಲ.

ದನದ ವ್ಯಾಪಾರದ ಕಥೆ ಬೇಗ ಮುಗಿಯುತ್ತದೆ. 1886-87ರ ಚಳಿಗಾಲದಲ್ಲಿ ಹಿಮ ಬಿದ್ದದ್ದು ಬಿದ್ದ ಹಾಗೆಯೇ ಹೆಪ್ಪುಗಟ್ಟಿತು. ವಸಂತ ಬರುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ದನ ಸತ್ತಿದ್ದವು. ಅಪ್ಪನಿಂದ ಬಂದ ಆಸ್ತಿಯ ದೊಡ್ಡ ಪಾಲು ಅಲ್ಲೇ ಕರಗಿತು. ಅದರ ನಡುವೆ 1886ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಗೆ ನಿಂತು ಮೂರನೇ ಸ್ಥಾನಕ್ಕೆ ಬಿದ್ದ. ಅದೇ ಡಿಸೆಂಬರ್‌ನಲ್ಲಿ ಬಾಲ್ಯದ ಗೆಳತಿ ಈಡಿತ್ ಜೊತೆ ಎರಡನೇ ಮದುವೆ. 28 ವರ್ಷಕ್ಕೆ ಲೆಕ್ಕ ಹಾಕಿದರೆ: ಸೋತ ಚುನಾವಣೆ, ಮುಳುಗಿದ ಬಂಡವಾಳ, ಕೈಯಲ್ಲಿ ಕೆಲಸವಿಲ್ಲ, ಮನೆ ನಡೆಸಬೇಕು. ಪುಸ್ತಕ ಬರೆದು ಬರುವ ಹಣವೇ ಮುಖ್ಯ ಆದಾಯ. ಈ ಸ್ಥಿತಿ ನಮ್ಮಲ್ಲಿ ಹಲವರಿಗೆ ಪರಿಚಿತ!

ಕೊನೆಗೆ 1889ರಲ್ಲಿ ಒಂದು ಕೆಲಸ ಸಿಕ್ಕಿತು. ಯಾರಿಗೂ ಬೇಡವಾದ ಕೆಲಸ. ಕೇಂದ್ರ ಸರ್ಕಾರದ ಸಿವಿಲ್ ಸರ್ವಿಸ್ ಆಯೋಗದ ಮೂವರು ಸದಸ್ಯರಲ್ಲಿ ಒಬ್ಬ, ಸಂಬಳ ವರ್ಷಕ್ಕೆ 3,500 ಡಾಲರ್.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕಾಲದ ಅಮೆರಿಕದಲ್ಲಿ ಅಂಚೆ ಕಚೇರಿಯ ಗುಮಾಸ್ತನಿಂದ ಹಿಡಿದು ಸುಂಕದ ಕಟ್ಟೆಯ ನೌಕರನವರೆಗೆ ಎಲ್ಲ ಹುದ್ದೆಗಳೂ ಗೆದ್ದ ಪಕ್ಷದ ಕಾರ್ಯಕರ್ತರಿಗೆ. ಸರ್ಕಾರ ಬದಲಾದರೆ ನೌಕರರೂ ಬದಲು. 1883ರ ಪೆಂಡಲ್‌ಟನ್ ಕಾಯ್ದೆ ಕೆಲವು ಹುದ್ದೆಗಳನ್ನು ಪರೀಕ್ಷೆಯ ಮೂಲಕ ತುಂಬಬೇಕು ಎಂದಿತು. ಕಾಯ್ದೆ ಕಾಗದದಲ್ಲಿತ್ತು. ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಸುಂಕದ ಕಚೇರಿಗೆ ಹೋಗಿ ನೋಡಿದರೆ, ಪರೀಕ್ಷೆಯ ಪ್ರಶ್ನೆಗಳು 50 ಡಾಲರ್‌ಗೆ ಮಾರಾಟವಾಗುತ್ತಿದ್ದವು. ಪ್ರಶ್ನೆಪತ್ರಿಕೆ ಸೋರಿಕೆ! ನಾವೇನೋ ಇದು ವಾಟ್ಸ್‌ಆ್ಯಪ್ ಕಾಲದ ರೋಗ ಎಂದುಕೊಂಡಿದ್ದೆವು. ತಪ್ಪಿತಸ್ಥರನ್ನು ಕೆಲಸದಿಂದ ತೆಗೆಸಿದ. ಹಳೆಯ ಪ್ರಶ್ನೆಗಳನ್ನು ಜನರ ಮುಂದೆ ಇಟ್ಟು, ಇವು ಕೆಲಸಕ್ಕೆ ಬೇಕಾದ ಪ್ರಶ್ನೆಗಳೇ ಎಂದು ತೋರಿಸಿದ. ಟೆಕ್ಸಾಸ್ ಗಡಿಯಲ್ಲಿ ಕುದುರೆ ಮೇಲೆ ಗಸ್ತು ತಿರುಗುವ ಸುಂಕದ ಸಿಬ್ಬಂದಿಗೆ ಬರೀ ಬರವಣಿಗೆಯ ಪರೀಕ್ಷೆ ಸಾಲದು, ಕುದುರೆ ಸವಾರಿ, ಗುರಿ ಮತ್ತು ದನಗಳ ಮೇಲಿನ ಬರೆಗುರುತು ಓದುವುದನ್ನೂ ನೋಡಬೇಕು ಎಂದ. ಡಕೋಟಾದ ಹಟ್ಟಿಯಲ್ಲಿ ಕಳೆದುಕೊಂಡ ಹಣಕ್ಕೆ ಅಷ್ಟಾದರೂ ಪ್ರತಿಫಲ ಬಂತು.

1891ರಲ್ಲಿ ಬಾಲ್ಟಿಮೋರ್‌ನ ಅಂಚೆ ಕಚೇರಿಯಲ್ಲಿ ಇನ್ನೊಂದು ಹಗರಣ. ನೌಕರರಿಂದ ಪಕ್ಷಕ್ಕೆ ಬಲವಂತದ ಚಂದಾ ಎತ್ತುತ್ತಿದ್ದರು. ಅದು ಆತನದೇ ಪಕ್ಷ, ನೇಮಿಸಿದ ಅಧ್ಯಕ್ಷರೂ ಅದೇ ಪಕ್ಷದವರು. ಆದರೂ 25 ಜನರನ್ನು ತೆಗೆಯಬೇಕೆಂದು ವರದಿ ಬರೆದ. ಆಗಸ್ಟ್‌ನಲ್ಲಿ ವರದಿ ಪ್ರಕಟವಾಯಿತು, ಕ್ರಮ ಮಾತ್ರ ಆಗಲಿಲ್ಲ. ಅಂಚೆ ಖಾತೆಯ ಮಂತ್ರಿ ಶತ್ರುವಾದ, ಅಧ್ಯಕ್ಷರು ತಣ್ಣಗಾದರು. ಮನೆಯಲ್ಲೂ ನೆಮ್ಮದಿಯಿರಲಿಲ್ಲ, ಕುಡಿತಕ್ಕೆ ಬಿದ್ದ ತಮ್ಮ ಎಲಿಯಟ್ ಕೈಮೀರಿ ಹೋಗಿದ್ದ. ಅಂಥ ಹೊತ್ತಿನಲ್ಲಿ, 1891ರ ಸೆಪ್ಟೆಂಬರ್‌ನಲ್ಲಿ, ರೂಸ್‌ವೆಲ್ಟ್ ರಜೆ ಹಾಕಿ ವಯೋಮಿಂಗ್‌ನ ಬೆಟ್ಟಗಳಿಗೆ ಹೊರಟ. ಆರಂಭದಲ್ಲಿ ಹೇಳಿದ ಕಾಡು ಇದೇ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ದಕ್ಷಿಣಕ್ಕೆ ಟೂ ಓಷನ್ ಪಾಸ್ ಎಂಬ ಕಣಿವೆಯಿದೆ. ಹೆಸರಿಗೆ ಕಾರಣ ಸೊಗಸಾಗಿದೆ. ಅಲ್ಲಿ ಬೆಟ್ಟದಿಂದ ಇಳಿಯುವ ಒಂದು ಪುಟ್ಟ ತೊರೆ ಎರಡಾಗಿ ಸೀಳುತ್ತದೆ. ಒಂದು ಕವಲು ಸ್ನೇಕ್ ನದಿ, ಕೊಲಂಬಿಯಾ ನದಿ ಸೇರಿ ಪೆಸಿಫಿಕ್ ಸಾಗರಕ್ಕೆ. ಇನ್ನೊಂದು ಯೆಲ್ಲೋಸ್ಟೋನ್, ಮಿಸೌರಿ, ಮಿಸಿಸಿಪ್ಪಿ ಸೇರಿ ಅಟ್ಲಾಂಟಿಕ್ ಕಡೆಗೆ. ಒಂದು ಎಲೆ ಯಾವ ಕಡೆ ತೇಲಿತು ಎಂಬುದರ ಮೇಲೆ ಅದು ಸೇರುವ ಸಾಗರ ನಿರ್ಧಾರ. ಈ ಸುತ್ತಿನ ಹುಲ್ಲುಗಾವಲುಗಳಿಗೆ ಬೇಸಿಗೆಯಲ್ಲಿ ಎಲ್ಕ್ ಹಿಂಡುಗಳು ಬರುತ್ತವೆ. ಹಗಲು ಹೊತ್ತು ಸುತ್ತಲಿನ ದಟ್ಟ ಕಾಡಿನಲ್ಲಿ ಮಲಗುತ್ತವೆ.

ತಂಡದಲ್ಲಿ ಹಟ್ಟಿಯ ಪಾಲುದಾರ ಫರ್ಗ್ಯುಸನ್ ಇದ್ದ. ಟ್ಯಾಜ್‌ವೆಲ್ ವುಡಿ ಮತ್ತು ಎಲ್ವುಡ್ ಹೋಫರ್ ಎಂಬ ಇಬ್ಬರು ಪಳಗಿದ ಬೆಟ್ಟದ ಬೇಟೆಗಾರರಿದ್ದರು. ವುಡಿ ಹುಡುಗನಾಗಿದ್ದಾಗಿನಿಂದ ಬೆಟ್ಟಗಳಲ್ಲೇ ಬದುಕಿದವ. ಸಾಮಾನು ಹೊತ್ತ ಕುದುರೆಗಳ ಸಾಲು ಹಿಂದೆ. ಮಳೆ, ಗಾಳಿ, ಕೆಸರು. ಇವೆಲ್ಲಕ್ಕಿಂತ ದೊಡ್ಡ ತೊಂದರೆ ಬಿದ್ದ ಮರಗಳದು.

ಆ ಮರಗಳು ಬೀಳುವುದಕ್ಕೂ ಕಾರಣವಿದೆ. ಅಲ್ಲಿ ಹೆಚ್ಚಾಗಿ ಬೆಳೆಯುವುದು ಲಾಡ್ಜ್‌ಪೋಲ್ ಪೈನ್. ಬುಡಕಟ್ಟಿನವರು ತಮ್ಮ ಡೇರೆಗೆ ಕಂಬವಾಗಿ ಬಳಸುತ್ತಿದ್ದ ಮರ. ಅದರ ಬೇರು ಆಳಕ್ಕೆ ಹೋಗುವುದಿಲ್ಲ. ಕಾಡ್ಗಿಚ್ಚು ಬಂದರೆ ಇಡೀ ಗುಡ್ಡದ ಮರಗಳು ಒಟ್ಟಿಗೇ ಸಾಯುತ್ತವೆ. ಸತ್ತ ಮೇಲೂ ವರ್ಷಗಟ್ಟಲೆ ನಿಂತೇ ಇರುತ್ತವೆ. ಬೇರು ಕೊಳೆತ ಮೇಲೆ ಬಿರುಗಾಳಿಗೆ ಒಂದೊಂದಾಗಿ ಉರುಳುತ್ತವೆ. ಎತ್ತರದ ಚಳಿಯಲ್ಲಿ ಮರ ಬೇಗ ಮಣ್ಣಾಗುವುದಿಲ್ಲ. ಹಳೆಯದು ಕರಗುವ ಮುನ್ನ ಅದರ ಮೇಲೆ ಹೊಸದು ಬೀಳುತ್ತದೆ, ಸಂದುಗಳಲ್ಲಿ ಎಳೆಯ ಪೈನ್‌ಗಳು ಬೇಲಿಯಂತೆ ಎದ್ದುಬಿಡುತ್ತವೆ. ಒಂದು ಫರ್ಲಾಂಗ್ ದಾಟಲು ಅರ್ಧ ಗಂಟೆ ಬೇಕು. ಹೊರೆ ಹೊತ್ತ ಕುದುರೆ ಮಧ್ಯದಲ್ಲಿ ಸಿಕ್ಕಿಕೊಂಡರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊಡಲಿ ಹಿಡಿದು ದಾರಿ ಕಡಿಯಬೇಕು.

ಎಲ್ಕ್‌ಗೆ ಮಾತ್ರ ಇದು ಕೋಟೆ. ಉದ್ದ ಕಾಲುಗಳನ್ನು ಎತ್ತಿ ಎತ್ತಿ ದಾಟಿಬಿಡುತ್ತದೆ. ಅಷ್ಟಗಲದ ಕೊಂಬನ್ನು ಹಿಂದಕ್ಕೆ ಬೆನ್ನ ಮೇಲೆ ಚಾಚಿಕೊಂಡು ಮರಗಳ ನಡುವೆ ನುಸುಳುತ್ತದೆ. ಮಲಗಲು ಇಂಥ ಜಾಗವನ್ನೇ ಆರಿಸಿಕೊಳ್ಳುವುದರಲ್ಲಿ ಅರ್ಥವಿದೆ. ಯಾರೇ ಬಂದರೂ ಸದ್ದಾಗದೆ ಬರಲಾರರು. ಮನೆ ಸುತ್ತ ಹಪ್ಪಳ ಹರಡಿಟ್ಟು ಕಳ್ಳನಿಗಾಗಿ ಕಾದ ಹಾಗೆ!

ಹಾಗಾದರೆ ಬೇಟೆಗಾರ ಏನು ಮಾಡಬೇಕು? ಮೊದಲನೆಯದು ಗಾಳಿ. ಕಣ್ಣು ಕಿವಿಗಿಂತ ಎಲ್ಕ್ ಮೂಗನ್ನು ನಂಬುತ್ತದೆ. ಗಾಳಿ ಮುಖಕ್ಕೆ ಬಡಿಯುವ ಹಾಗೆ ಸುತ್ತು ಹಾಕಿ ಹೋಗಬೇಕು, ಅದು ಎಷ್ಟೇ ದೂರವಾದರೂ. ಬೆಟ್ಟದ ಗಾಳಿಯೋ, ಬಿಸಿಲೇರಿದಂತೆ ಮೇಲಕ್ಕೆ, ಸಂಜೆಯಾದಂತೆ ಕೆಳಕ್ಕೆ ಹರಿಯುತ್ತದೆ; ನಡುವೆ ಯಾವಾಗ ತಿರುಗುತ್ತದೋ ಹೇಳಲಾಗದು. ಇನ್ನು ಕಾಲು. ಬಿದ್ದ ಕಾಂಡದ ಮೇಲೇ ಸೇತುವೆಯಂತೆ ನಡೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಒದ್ದೆ ಕಾಂಡದಿಂದ ಜಾರಿ ಬಿದ್ದರೆ, ಕೆಳಗೆ ಮುರಿದ ಕೊಂಬೆಗಳ ಚೂಪು ಮೊನೆಗಳು ಈಟಿಯಂತೆ ನಿಂತಿರುತ್ತವೆ. ಒಂದೊಂದನ್ನೇ ದಾಟಬೇಕು, ತಗ್ಗಬೇಕು, ನುಸುಳಬೇಕು. ಬಂದೂಕು ಎಲ್ಲಿಗೂ ತಾಗಬಾರದು. ಒಣ ದಿನಕ್ಕಿಂತ ಮಳೆ ಬಂದು ಹೋದ ದಿನ ಒಳ್ಳೆಯದು, ಕಡ್ಡಿ ಮುರಿದರೂ ಸದ್ದು ಕಡಿಮೆ. ಆದರೆ ಮಳೆ ಬಂದರೆ ಕನ್ನಡಕದ ಮೇಲೆ ಹನಿ. ಕನ್ನಡಕ ಹಾಕುವ ನಮ್ಮಂಥವರಿಗೆ ಈ ಸಂಕಟ ಬೇರೆಯವರು ವಿವರಿಸಬೇಕಾಗಿಲ್ಲ. ಕಾಡಿಗೆ ಹೋಗುವಾಗಲೆಲ್ಲ ರೂಸ್‌ವೆಲ್ಟ್ ಹೆಚ್ಚುವರಿ ಜೋಡಿಗಳನ್ನು ಇಟ್ಟುಕೊಳ್ಳುತ್ತಿದ್ದ.

ಇಷ್ಟೆಲ್ಲ ಮಾಡಿದರೂ ಆ ಕಾಡಿನಲ್ಲಿ ಎಲ್ಕ್ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಅದರ ಕೂಗಿನಿಂದ. ಸೆಪ್ಟೆಂಬರ್‌ನ ಗಂಡು ತನ್ನ ವಿಳಾಸವನ್ನು ತಾನೇ ಸಾರುತ್ತದೆ. ಕೂಗು ಕೇಳಿದ ದಿಕ್ಕಿಗೆ ವುಡಿ ಮುಂದೆ, ರೂಸ್‌ವೆಲ್ಟ್ ಹಿಂದೆ. ಹಿಂಡು ನಡೆಯುತ್ತಿದ್ದರೆ ಓಡಬೇಕು, ಯಾಕೆಂದರೆ ಎಲ್ಕ್ ನಡಿಗೆಯೇ ಮನುಷ್ಯನ ಓಟ. ಹಿಂಡು ನಿಂತರೆ ಕಲ್ಲಾಗಬೇಕು. ಬೆದೆಗೆ ಬಂದ ಗಂಡಿಗೆ ಜಗತ್ತಿನ ಪರಿವೆ ಕಡಿಮೆ, ಆದರೆ ಅದರ ಸುತ್ತಲಿನ ಹೆಣ್ಣುಗಳು ಎಚ್ಚರವಾಗಿರುತ್ತವೆ. ಗಂಡನ್ನೇ ನೋಡುತ್ತಾ ಹೋದವನು ಪೊದೆಯ ಹಿಂದಿನ ಒಂದು ಹೆಣ್ಣಿನಿಂದ ಕೆಡುತ್ತಾನೆ. ಎಷ್ಟೋ ಬಾರಿ ಕೂಗು ಹತ್ತಿರವಾಗುತ್ತಾ ಆಗುತ್ತಾ, ಇನ್ನೇನು ಕಾಣುತ್ತದೆ ಅನ್ನುವಾಗ ಮೌನ. ಆಮೇಲೆ ದೂರದಲ್ಲಿ ಕಾಂಡಗಳಿಗೆ ಗೊರಸು ತಾಗುವ ಸದ್ದು. ಮುಗಿಯಿತು, ಆ ದಿನದ ಕಥೆ.

ಮುಗಿಯದ ದಿನವೂ ಬಂತು. ಆ ಪ್ರವಾಸದಲ್ಲಿ ಆತನಿಗೆ ದೊಡ್ಡ ಕೊಂಬಿನ ಎಲ್ಕ್‌ಗಳು ಸಿಕ್ಕವು. ಹೊಡೆದ ಮೇಲಿನ ಕೆಲಸವೂ ಕಡಿಮೆಯಲ್ಲ. ಮುನ್ನೂರು ಕೆ.ಜಿ. ಪ್ರಾಣಿ ಮರಗಳ ರಾಶಿಯ ನಡುವೆ ಬಿದ್ದರೆ, ಅಲ್ಲಿಗೆ ಕುದುರೆ ತರಲಾಗದು. ಕತ್ತರಿಸಿ, ಹೊತ್ತು, ಹತ್ತಾರು ಕಾಂಡ ದಾಟಿಸಿ ತರಬೇಕು. ಹಾಗಾಗಿ ಬಲ್ಲ ಬೇಟೆಗಾರ ಕುದುರೆಗೆ ಗುಂಡು ಒತ್ತುವ ಮುನ್ನವೇ ಪ್ರಾಣಿ ಎಲ್ಲಿ ಬೀಳಬಹುದು ಎಂದು ಯೋಚಿಸುತ್ತಾನೆ. 1893ರಲ್ಲಿ ಬಂದ ದ ವೈಲ್ಡರ್‌ನೆಸ್ ಹಂಟರ್ ಪುಸ್ತಕದಲ್ಲಿ ಈ ಬೇಟೆಗೇ ಒಂದು ಅಧ್ಯಾಯವಿದೆ. ನನ್ನ ಮಟ್ಟಿಗೆ ಅದರ ಆಕರ್ಷಣೆ ಹೊಡೆದ ಕ್ಷಣದ್ದಲ್ಲ, ಹುಡುಕಿ ಅಲೆದ ಗಂಟೆಗಳದ್ದು.

ಅದೇ ಅಲೆದಾಟದಲ್ಲಿ ಇನ್ನೊಂದು ವಿಷಯವೂ ಆತನಿಗೆ ಕಣ್ಣಿಗೆ ಕಟ್ಟಿತ್ತು. ಎಲ್ಕ್ ಮುಗಿಯುತ್ತಿತ್ತು. ಒಂದು ಕಾಲಕ್ಕೆ ಅದು ಬಯಲಿನಲ್ಲೂ ಇದ್ದ ಪ್ರಾಣಿ. ಚರ್ಮಕ್ಕಾಗಿ, ಮಾಂಸಕ್ಕಾಗಿ ಮತ್ತು ಗಡಿಯಾರದ ಸರಪಳಿಗೆ ಪದಕವಾಗಿ ತೂಗುಹಾಕಲು ಅದರ ಎರಡು ಕೋರೆಹಲ್ಲುಗಳಿಗಾಗಿ ಕೊಲ್ಲುತ್ತಾ ಬಂದರು. ಹೌದು, ಎರಡು ಹಲ್ಲು ಕಿತ್ತುಕೊಂಡು ಉಳಿದ ಮುನ್ನೂರು ಕೆ.ಜಿ.ಯನ್ನು ಕೊಳೆಯಲು ಬಿಟ್ಟು ಹೋದವರಿದ್ದರು. ಉಳಿದ ಹಿಂಡುಗಳು ಕೊನೆಗೆ ಮನುಷ್ಯನಿಗೆ ನಡೆಯಲಾಗದ ಇಂಥ ಬಿದ್ದ ಮರಗಳ ಬೆಟ್ಟಗಳಲ್ಲಿ ಬದುಕಿದ್ದವು.

1887ರ ಡಿಸೆಂಬರ್‌ನಲ್ಲೇ ರೂಸ್‌ವೆಲ್ಟ್, ಪತ್ರಿಕೆಯೊಂದರ ಸಂಪಾದಕ ಜಾರ್ಜ್ ಬರ್ಡ್ ಗ್ರಿನೆಲ್ ಜೊತೆ ಸೇರಿ ಬೂನ್ ಆಂಡ್ ಕ್ರಾಕೆಟ್ ಕ್ಲಬ್ ಕಟ್ಟಿದ್ದ. ಸದಸ್ಯರೆಲ್ಲ ಬೇಟೆಗಾರರು. ಈ ಕ್ಲಬ್ಬು ಕಾಡು ಉಳಿಸಲು ವಾಷಿಂಗ್ಟನ್‌ನಲ್ಲಿ ಒತ್ತಡ ಹಾಕತೊಡಗಿತು. 1891ರ ಮಾರ್ಚ್‌ನಲ್ಲಿ, ಅಂದರೆ ಆ ಬೇಟೆಗೆ ಆರು ತಿಂಗಳ ಮೊದಲು, ಯೆಲ್ಲೋಸ್ಟೋನ್ ಪಕ್ಕದಲ್ಲೇ ದೇಶದ ಮೊದಲ ಮೀಸಲು ಅರಣ್ಯ ಘೋಷಣೆಯಾಯಿತು. ಆದರೆ ಯೆಲ್ಲೋಸ್ಟೋನ್ ಒಳಗೇ ಕಳ್ಳಬೇಟೆಗೆ ಸರಿಯಾದ ಶಿಕ್ಷೆಯಿರಲಿಲ್ಲ. ಸಿಕ್ಕಿಬಿದ್ದವನನ್ನು ಹೊರಗೆ ಕಳಿಸುವುದಷ್ಟೇ. 1894ರಲ್ಲಿ ಕಾಯ್ದೆ ಬಂದು ಜೈಲು, ದಂಡ ಎರಡೂ ಸೇರಿದವು. ಆ ಕಾಯ್ದೆಯ ಹಿಂದೆ ಗ್ರಿನೆಲ್, ರೂಸ್‌ವೆಲ್ಟ್ ಮತ್ತವರ ಗೆಳೆಯರ ಓಡಾಟವಿತ್ತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಬೆಟ್ಟಗಳು ಯಾರದೂ ಅಲ್ಲದ ಬೆಟ್ಟಗಳಾಗಿರಲಿಲ್ಲ. ಶೊಶೋನಿ ಮತ್ತು ಕ್ರೋ ಜನ ತಲೆಮಾರುಗಳಿಂದ ಅಲ್ಲಿ ಎಲ್ಕ್ ಬೇಟೆಯಾಡಿ ಬದುಕಿದ್ದರು. ಅವರನ್ನು ಮೀಸಲು ಪ್ರದೇಶಗಳಿಗೆ ತಳ್ಳಿದ ಮೇಲೆಯೇ ಅದು ಶ್ರೀಮಂತ ಬೇಟೆಗಾರರ ರಜೆಯ ತಾಣವಾಯಿತು. ಆ ಜನರ ಬಗ್ಗೆ ರೂಸ್‌ವೆಲ್ಟ್ ಯೌವನದಲ್ಲಿ ಬರೆದ ಕೆಲವು ಮಾತುಗಳು ಇಂದು ಓದಿದರೆ ಮುಜುಗರ ತರುತ್ತವೆ. ಅವರ ಮೊಕಾಸಿನ್ ತೊಟ್ಟು ನಡೆದವನು ಅವರನ್ನು ಅರ್ಥ ಮಾಡಿಕೊಳ್ಳಲಿಲ್ಲ. ಕಾಡು ಉಳಿಸಿದ ಎಂದು ಹೊಗಳುವಾಗ ಇದನ್ನು ಮರೆಮಾಚುವುದು ಸರಿಯಲ್ಲ.

ಆಮೇಲಿನ ಹತ್ತು ವರ್ಷ ಓಟದ ವರ್ಷಗಳು. 1895ರಲ್ಲಿ ನ್ಯೂಯಾರ್ಕ್ ಪೊಲೀಸ್ ಆಯುಕ್ತ, 1897ರಲ್ಲಿ ನೌಕಾಪಡೆಯ ಸಹಾಯಕ ಕಾರ್ಯದರ್ಶಿ, 1898ರಲ್ಲಿ ಕ್ಯೂಬಾ ಯುದ್ಧ, ನಂತರ ರಾಜ್ಯಪಾಲ, 1901ರಲ್ಲಿ ಉಪಾಧ್ಯಕ್ಷ. ಅದೇ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಮೆಕಿನ್ಲಿ ಗುಂಡೇಟಿನಿಂದ ಸತ್ತಾಗ, 42ರ ರೂಸ್‌ವೆಲ್ಟ್ ಅಮೆರಿಕದ ಅತ್ಯಂತ ಕಿರಿಯ ಅಧ್ಯಕ್ಷನಾದ. ಮೆಕಿನ್ಲಿ ಸ್ಥಿತಿ ಗಂಭೀರ ಎಂಬ ಸುದ್ದಿ ಬಂದಾಗಲೂ ಆತ ಒಂದು ಬೆಟ್ಟದ ಮೇಲಿದ್ದ. ಆಳು ಓಡಿ ಬಂದು ತಿಳಿಸಬೇಕಾಯಿತು.

1903ರ ಏಪ್ರಿಲ್‌ನಲ್ಲಿ ಆತ ಮತ್ತೆ ಯೆಲ್ಲೋಸ್ಟೋನ್‌ಗೆ ಬಂದ, ಈ ಸಲ ಅಧ್ಯಕ್ಷನಾಗಿ. ಜೊತೆಗೆ ಪ್ರಕೃತಿ ಲೇಖಕ ಜಾನ್ ಬರೋಸ್. 1891ರಲ್ಲಿ ದಾರಿ ತೋರಿಸಿದ ಎಲ್ವುಡ್ ಹೋಫರ್ ಕೂಡ ಬಂದ. ಬಂದೂಕು ಬಳಸಲಿಲ್ಲ. ಅಧ್ಯಕ್ಷನೇ ಉದ್ಯಾನದಲ್ಲಿ ಬೇಟೆಯಾಡಿದ ಎಂದು ಸುದ್ದಿಯಾದರೆ ಕಾನೂನಿಗೆ ಬೆಲೆಯೇನು? ಎಲ್ಕ್ ಹಿಂಡುಗಳನ್ನು ದೂರದರ್ಶಕದಲ್ಲಿ ನೋಡುತ್ತಾ, ತಲೆ ಎಣಿಸುತ್ತಾ ದಿನ ಕಳೆದ. ಒಂದು ದಿನ ಚಲಿಸುತ್ತಿದ್ದ ಹಿಮಗಾಡಿಯಿಂದ ಹಾರಿ ಏನನ್ನೋ ಟೊಪ್ಪಿಯಲ್ಲಿ ಹಿಡಿದ. ನೋಡಿದರೆ ಇಲಿ! ಹೊಸ ಪ್ರಭೇದವಿರಬಹುದೆಂದು ಅದರ ಚರ್ಮ ಸುಲಿದು ವಿಜ್ಞಾನಿಗಳಿಗೆ ಕಳಿಸಿದ. ದೇಶದ ಅಧ್ಯಕ್ಷ ಕೂತು ಇಲಿಯ ಚರ್ಮ ಸುಲಿಯುವ ದೃಶ್ಯವನ್ನು ನಾನು ಆಗಾಗ ನೆನೆದು ನಗುತ್ತೇನೆ.

ಅಧಿಕಾರದಲ್ಲಿದ್ದಾಗ ಮಾಡಿದ್ದರ ಲೆಕ್ಕ ದೊಡ್ಡದು. 1905ರಲ್ಲಿ ಅರಣ್ಯ ಸೇವೆ ಎಂಬ ಇಲಾಖೆ, ಅದಕ್ಕೆ ಗಿಫರ್ಡ್ ಪಿಂಚೋ ಮುಖ್ಯಸ್ಥ. 5 ರಾಷ್ಟ್ರೀಯ ಉದ್ಯಾನ, 18 ರಾಷ್ಟ್ರೀಯ ಸ್ಮಾರಕ, 51 ಪಕ್ಷಿಧಾಮ. ಒಟ್ಟು ಸುಮಾರು 23 ಕೋಟಿ ಎಕರೆ ರಕ್ಷಣೆಗೆ ಒಳಪಟ್ಟಿತು. ಇದು ಸುಮ್ಮನೆ ಆದದ್ದಲ್ಲ. ಮರದ ವ್ಯಾಪಾರಿಗಳು, ಗಣಿಯವರು, ದನದವರು ಎಲ್ಲರೂ ವಿರುದ್ಧ. 1907ರಲ್ಲಿ ಸಂಸತ್ತು ವಾಯವ್ಯದ ಆರು ರಾಜ್ಯಗಳಲ್ಲಿ ಅಧ್ಯಕ್ಷ ಹೊಸ ಮೀಸಲು ಅರಣ್ಯ ಘೋಷಿಸುವಂತಿಲ್ಲ ಎಂಬ ಷರತ್ತನ್ನು ಒಂದು ಅನುದಾನ ಮಸೂದೆಗೆ ಅಂಟಿಸಿ ಕಳಿಸಿತು. ಸಹಿ ಹಾಕದಿದ್ದರೆ ಇಲಾಖೆಗೆ ಹಣವಿಲ್ಲ. ಹಾಕಿದರೆ ಕೈ ಕಟ್ಟಿದಂತೆ. ಸಹಿಗೆ ಉಳಿದದ್ದು ಕೆಲವೇ ದಿನ. ಪಿಂಚೋ ಮತ್ತು ಸಿಬ್ಬಂದಿ ಹಗಲು ರಾತ್ರಿ ಕೂತು ನಕ್ಷೆಗಳ ಮೇಲೆ ಗಡಿ ಎಳೆದರು. ಒಂದೊಂದೇ ಘೋಷಣೆಗೆ ರೂಸ್‌ವೆಲ್ಟ್ ಸಹಿ ಹಾಕುತ್ತಾ ಹೋದ. ಸುಮಾರು 1.6 ಕೋಟಿ ಎಕರೆ ಮೀಸಲಾಯಿತು. ಆಮೇಲೆ ಮಸೂದೆಗೂ ಸಹಿ ಹಾಕಿದ!

ಎಲ್ಕ್ ಕಥೆ ಇನ್ನೂ ಸ್ವಲ್ಪ ಉಳಿದಿದೆ. 1897ರಲ್ಲಿ ಪ್ರಾಣಿಶಾಸ್ತ್ರಜ್ಞ ಹಾರ್ಟ್ ಮೆರಿಯಮ್, ಪೆಸಿಫಿಕ್ ಕರಾವಳಿಯ ಕಾಡುಗಳಲ್ಲಿರುವ ದೊಡ್ಡ ಗಾತ್ರದ ಎಲ್ಕ್‌ಗೆ ರೂಸ್‌ವೆಲ್ಟ್ ಎಲ್ಕ್ ಎಂದು ಹೆಸರಿಟ್ಟಿದ್ದರು. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ವತಗಳಲ್ಲಿ ಅದು ಉಳಿದಿತ್ತು, ಹಲ್ಲಿನ ಬೇಟೆಗಾರರು ಅಲ್ಲಿಗೂ ತಲುಪಿದ್ದರು. 1909ರ ಮಾರ್ಚ್ 4ರಂದು ರೂಸ್‌ವೆಲ್ಟ್ ಅಧಿಕಾರ ಬಿಡಬೇಕಿತ್ತು. ಎರಡು ದಿನ ಮೊದಲು, ಮಾರ್ಚ್ 2ರಂದು, ಆ ಎಲ್ಕ್‌ಗಳಿಗಾಗಿ ಮೌಂಟ್ ಒಲಿಂಪಸ್ ರಾಷ್ಟ್ರೀಯ ಸ್ಮಾರಕವನ್ನು ಘೋಷಿಸುವ ಆದೇಶಕ್ಕೆ ಸಹಿ ಬಿತ್ತು. 1915ರಲ್ಲಿ ಅಧ್ಯಕ್ಷ ವಿಲ್ಸನ್ ಆ ಪ್ರದೇಶವನ್ನು ಅರ್ಧಕ್ಕೆ ಇಳಿಸಿದರು; ಮರ ಬೇಕೆಂಬವರ ಒತ್ತಡ. ಆಗ ರೂಸ್‌ವೆಲ್ಟ್ ಕೈಯಲ್ಲಿ ಅಧಿಕಾರವಿರಲಿಲ್ಲ. ಬ್ರೆಜಿಲ್‌ನ ಕಾಡುನದಿಯೊಂದರಲ್ಲಿ 1914ರಲ್ಲಿ ಕಾಲಿಗೆ ಗಾಯವಾಗಿ, ಜ್ವರ ಹಿಡಿದು, ಸಾವಿನ ಬಾಯಿಂದ ಬಂದ ದೇಹ ಮೊದಲಿನಂತಾಗಲಿಲ್ಲ. 1919ರ ಜನವರಿ 6ರಂದು, 60ನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡ.

1938ರಲ್ಲಿ ಇನ್ನೊಬ್ಬ ರೂಸ್‌ವೆಲ್ಟ್, ದೂರದ ಸಂಬಂಧಿ ಫ್ರಾಂಕ್ಲಿನ್, ಆ ಜಾಗವನ್ನು ಒಲಿಂಪಿಕ್ ರಾಷ್ಟ್ರೀಯ ಉದ್ಯಾನವಾಗಿಸಿದರು. ಇಂದು ಅಲ್ಲಿ ಸಾವಿರಾರು ಎಲ್ಕ್‌ಗಳಿವೆ. ಅದು ವಯೋಮಿಂಗ್‌ನಂಥ ಒಣ ಬೆಟ್ಟವಲ್ಲ, ನಮ್ಮ ಆಗುಂಬೆಗೂ ನಾಚಿಕೆಯಾಗದಷ್ಟು ಮಳೆ ಸುರಿಯುವ ಕಾಡು. ಅಲ್ಲೂ ನೆಲದ ತುಂಬ ಬಿದ್ದ ಮರಗಳು, ಪಾಚಿ ಹೊದ್ದು ಮಲಗಿದ ದೈತ್ಯ ಕಾಂಡಗಳು. ದಟ್ಟ ಪೊದೆಯ ನೆಲದಲ್ಲಿ ಬೀಜಕ್ಕೆ ಜಾಗ ಸಿಗುವುದಿಲ್ಲ. ಹಾಗಾಗಿ ಸ್ಪ್ರೂಸ್, ಹೆಮ್ಲಾಕ್ ಸಸಿಗಳು ಆ ಕಾಂಡಗಳ ಬೆನ್ನ ಮೇಲೇ ಸಾಲಾಗಿ ಮೊಳೆಯುತ್ತವೆ. ಕೆಳಗಿನ ಕಾಂಡ ಕೊಳೆತು ಮಾಯವಾದ ಮೇಲೂ ಮರಗಳು ಗೆರೆ ಎಳೆದಂತೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಸೆಪ್ಟೆಂಬರ್ ಬಂದಾಗ ಆ ಸಾಲುಗಳ ನಡುವೆ ಗಂಡು ಎಲ್ಕ್‌ಗಳು ಸೀಟಿ ಹಾಕುತ್ತಾ ಓಡಾಡುತ್ತವೆ.